ರುಕ್ಮಿಣಮ್ಮನ ಗಾಡಿಗೆ ಬೆನ್ನುಮೂಳೆ

ಪಕ್ಕದ ಪೈಪು ಕತ್ತರಿಸಿದ ದಿನದಿಂದ ಗಾಡಿಗೆ ದೆವ್ವ ಹಿಡಿದಿತ್ತು.

ಅದು ಕಂಪನಿ ಗಾಡಿಯಲ್ಲ. ದೊಡ್ಡಬಳ್ಳಾಪುರದ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಮಾಡುವ ಸಿದ್ದರಾಜು, ಮಂಡಿನೋವಿನ ತಾಯಿ ರುಕ್ಮಿಣಮ್ಮನನ್ನು ಕನಕಾಂಬರದ ತೋಟಕ್ಕೆ ಕರೆದೊಯ್ಯಲೆಂದೇ ಕಟ್ಟಿದ ನಾಲ್ಕು ಚಕ್ರದ ಬ್ಯಾಟರಿ ಗಾಡಿ. ಸೀರೆ ಉಟ್ಟವಳು ಚೌಕಟ್ಟಿನ ಮೊಣಕಾಲೆತ್ತರದ ಪೈಪು ದಾಟಿ ಹೇಗೆ ಹತ್ತಬೇಕೆಂಬುದು ಮಾತ್ರ ಈ ಮಹಾಶಯನಿಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಅವಳ ಕಡೆಯ ಪೈಪು ಕತ್ತರಿಸಿ ಪುಟ್ಟ ಬಾಗಿಲು ಕೂರಿಸಿದ. ತಾಯಿ ಸಲೀಸಾಗಿ ಹತ್ತಿದಳು. ಗಾಡಿ ಮಾತು ಕೇಳುವುದನ್ನು ಬಿಟ್ಟಿತು. ಕೆರೆ ಏರಿಯ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಕೊಂಚ ಯೋಚನೆ ಮಾಡಿ, ಆಮೇಲೆ ಒಮ್ಮೆಲೇ ಹೊರಕ್ಕೆ ಎಳೆಯುತ್ತಿತ್ತು.

"ಲೋ, ಇನ್ನೊಂದ್ಸಲ ಹಿಂಗಾದ್ರೆ ನಾನು ನಡ್ಕೊಂಡೇ ಹೋಗ್ತೀನಿ ಕಣೋ," ಎಂದಳು ರುಕ್ಮಿಣಮ್ಮ. ಅವಳಿಂದ ನಡೆಯಲಾಗದೆಂದು ಇಬ್ಬರಿಗೂ ಗೊತ್ತಿತ್ತು. ತೋಟ ತಪ್ಪಿದರೆ ಅಮ್ಮ ಮಂಕಾಗಿಬಿಡುತ್ತಾಳೆಂದು ಸಿದ್ದರಾಜುವಿಗೆ ನಿಜಕ್ಕೂ ಭಯವಾಯಿತು.

ಚಕ್ರಗಳಿಗೆ ಗಟ್ಟಿ ಸ್ಪ್ರಿಂಗ್ ಹಾಕಿ ನೋಡಿದ. ಅದೇ ಹಾಡು. ಮೆತ್ತನೆಯದು ಹಾಕಿದ. ಅದೂ ಅಷ್ಟೇ. ಯಾವುದು ಹಾಕಿದರೂ ಒಂದೇ ಥರ ಇದೆಯೆಂದರೆ ತಪ್ಪು ಸ್ಪ್ರಿಂಗಿನದಲ್ಲವೇನೋ ಎಂಬ ಹುಳ ತಲೆಗೆ ಹೊಕ್ಕಿತು.

ಮಾರನೆಯ ದಿನ ತೋಟದಲ್ಲಿ, ಒಂದು ಚಕ್ರ ಬದುವಿನ ಮೇಲೆ ಹತ್ತಿ ನಿಂತಾಗ, ರುಕ್ಮಿಣಮ್ಮ ಬಾಗಿಲು ಜಗ್ಗಾಡುತ್ತಿದ್ದಳು.

"ಮನೇಲಿ ಚೆನ್ನಾಗೇ ಹಾಕ್ಕೊಳ್ತದೆ, ಇಲ್ಲಿ ಬಂದ್ರೆ ಇದ್ಕೇನು ರೋಗ?"

ಸಿದ್ದರಾಜು ಗಾಡಿಯನ್ನು ಸಮನೆಲಕ್ಕೆ ತಂದ. ಬಾಗಿಲು ಹಾಕಿಕೊಂಡಿತು. ಮತ್ತೆ ಬದುವಿಗೆ ಹತ್ತಿಸಿದ. ಸಿಕ್ಕಿಕೊಂಡಿತು. ಹತ್ತಿಸುವುದು, ಇಳಿಸುವುದು, ಬಗ್ಗಿ ನೋಡುವುದು.

"ತಲೆ ಗಿಲೆ ಕೆಟ್ಟಿದ್ಯೇನೋ?"

"ಬಾಗ್ಲು ಸರಿಯಾಗೇ ಇದೆ ಕಣಮ್ಮ! ಪೈಪು ಕತ್ತರ್ಸಿದ್ಮೇಲೆ ಗಾಡಿ ಚೌಕಟ್ಟು, ಈ ಚಾಸಿನೇ, ಒದ್ದೆ ಬಟ್ಟೆ ಹಿಂಡ್ದಂಗೆ ತಿರುಚ್ಕೊಳ್ತಾ ಇದೆ. ಚಕ್ರ ಎದ್ರೆ ಸ್ಪ್ರಿಂಗ್ ತಾನೇ ಬಗ್ಬೇಕು? ಅದಕ್ಕಿಂತ ಮುಂಚೆ ಇದೇ ಬಗ್ಗಿಬಿಡ್ತದೆ. ಮುಂದಿನ ಚಕ್ರ ತಿರುಗಿದ್ದು ಹಿಂದಿನದಕ್ಕೆ ತಡವಾಗಿ ಗೊತ್ತಾಗ್ತದೆ."

ಅವನ ಸಂಭ್ರಮ ಅವಳಿಗೆ ಹತ್ತಲಿಲ್ಲ. "ಹಂಗಾದ್ರೆ ಆ ಪೈಪು ವಾಪಸ್ ಹಾಕ್ತೀಯಾ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

ಪೈಪು ಬಂದರೆ ಅವಳು ಹತ್ತಲಾರಳು. ಬಾರದಿದ್ದರೆ ಗಾಡಿ ತಿರುಗದು. ಸಿದ್ದರಾಜು ಮುಖ ತಪ್ಪಿಸಿ ಅತ್ತಿತ್ತ ನೋಡುವಾಗ, ನೀರು ಬಾರದ ಬೋರ್‌ವೆಲ್‌ನಿಂದ ಕಿತ್ತು ಬೇಲಿಗೆ ಒರಗಿಸಿದ್ದ ದಪ್ಪ ಕಬ್ಬಿಣದ ಕೇಸಿಂಗ್ ಪೈಪು ಕಣ್ಣಿಗೆ ಬಿತ್ತು. ಅಷ್ಟು ದಪ್ಪನೆಯ ದುಂಡು ಕೊಳವೆಯನ್ನು ತಿರುಚುವವರು ಯಾರು?

ಭಾನುವಾರ ಅದನ್ನು ಅಳತೆಗೆ ಕತ್ತರಿಸಿ, ಎರಡು ಸೀಟುಗಳ ನಡುವೆ ಮುಂದಿನಿಂದ ಹಿಂದಿನವರೆಗೆ ಮಲಗಿಸಿ, ಎರಡೂ ತುದಿಗೆ ಭದ್ರವಾಗಿ ವೆಲ್ಡ್ ಮಾಡಿದ. ಧೈರ್ಯ ಬಂದು ತನ್ನ ಕಡೆಯ ಪೈಪನ್ನೂ ಕತ್ತರಿಸಿ ಬಿಸಾಡಿದ.

ಅಮ್ಮನನ್ನು ಕೂರಿಸಿಕೊಂಡು ಹೊರಟಾಗ ಏರಿಯ ತಿರುವಿನಲ್ಲಿ ಗಾಡಿ ಮರುಮಾತಾಡದೆ ತಿರುಗಿತು. ಅಲ್ಲೇ ನಿಲ್ಲಿಸಿ ಹಿಂದಿನ ಸ್ಪ್ರಿಂಗ್ ಸ್ವಲ್ಪ ಬಿಗಿ ಮಾಡಿದ. ಈಗ ವ್ಯತ್ಯಾಸ ಗೊತ್ತಾಯಿತು! ಸಡಿಲಿಸಿದ. ಅದೂ ಗೊತ್ತಾಯಿತು. ಮತ್ತೆ ಬಿಗಿ ಮಾಡಲು ಬಗ್ಗಿದವನು ತಲೆ ಎತ್ತುವಷ್ಟರಲ್ಲಿ ರುಕ್ಮಿಣಮ್ಮ ತಾನೇ ಇಳಿದು, ಗಾಡಿ ಹಿಡಿದುಕೊಂಡು ಸುತ್ತಿ ಬಂದು, ಡ್ರೈವರ್ ಸೀಟಿನಲ್ಲಿ ಕೂತಿದ್ದಳು.

"ಆ ಕಡೆ ಹತ್ಕೊಳ್ಳೋ," ಎಂದಳು. "ಅದೆಂಗೆ ತಿರುಗ್ತದೋ ನಾನೂ ನೋಡ್ಬೇಕು."