ಮಾರ್ತಾಂಡ ಮಾಸ್ತರರ ಎಣ್ಣೆಕಾಗದ

ಪುಣೆಯ ಶನಿವಾರ ಪೇಠೆಯ ಒಂದು ಹೈಸ್ಕೂಲಿನಲ್ಲಿ ಭೂಗೋಳವೆಂದರೆ ಭೂಮಿಯ ಸುದ್ದಿಯಲ್ಲ, ಗೋಡೆಯ ಸುದ್ದಿ. ಗೋಡೆಗೆ ಅಂದಿನ ಮುಂಬಯಿ ಪ್ರಾಂತ್ಯದ ದೊಡ್ಡ ನಕಾಶೆ ತೂಗುಹಾಕಿತ್ತು. ಮಾರ್ತಾಂಡ ಮಾಸ್ತರರು ಎಂದೋ ಒಮ್ಮೆ ಅದರ ಮೇಲೆ ಎಣ್ಣೆಕಾಗದವಿಟ್ಟು ಪಡಿಯಚ್ಚು ತೆಗೆದಿದ್ದರು. ಮ್ಯಾಟ್ರಿಕ್ ವರ್ಗದ ಹುಡುಗರು ನೆನಪಿನಿಂದ ಅದೇ ಅಳತೆಗೆ ಬರೆದ ನಕಾಶೆಗಳ ಮೇಲೆ ಆ ಕಾಗದ ಹೊದಿಸಿ ನೋಡುತ್ತಿದ್ದರು. ಗೆರೆಗೆ ಗೆರೆ, ಚುಕ್ಕೆಗೆ ಚುಕ್ಕೆ ಕೂತರೆ ಪಾಸು. ಕೂರದ್ದಕ್ಕೆ ಕೆಂಪು ಶಾಯಿಯ ಕಾಟು. ಪುಸ್ತಕ ತೆರೆಯುವ, ತಲೆ ಓಡಿಸುವ ತಾಪತ್ರಯ ಮಾಸ್ತರರಿಗೂ ಇಲ್ಲ, ಹುಡುಗರಿಗೂ ಇಲ್ಲ. ಕೆಸರಿಗಿಳಿದ ಎಮ್ಮೆಗಳ ಸುಖ.

ಆ ವರ್ಗದ ಮಲಕಪ್ಪನ ನಕಾಶೆಯಲ್ಲಿ ಪ್ರತಿ ಸಲವೂ ಕಾಟು ಬೀಳುತ್ತಿದ್ದದ್ದು ಧಾರವಾಡದ ಚುಕ್ಕೆಗೆ. ಅವನು ಹುಟ್ಟಿದ ಊರೇ ಅದು. ಗೋಡೆಯ ಮೇಲೆ ಬೆಳಗಾವಿಯಿತ್ತು, ಕೆಳಗೆ ಹುಬ್ಬಳ್ಳಿಯಿತ್ತು, ನಡುವೆ ಏನೂ ಇರಲಿಲ್ಲ. ಇಲಿ ಕಡಿದು ಹರಿದಿದ್ದ ನಕಾಶೆಯನ್ನು ಶಾಲೆಯ ಸಿಪಾಯಿ ಒಳಗೆ ಮಡಚಿ, ಗೋಂದು ಹಚ್ಚಿ ಕೂಡಿಸಿದ್ದ. ಪಡಿಯಚ್ಚು ತೆಗೆಯುವ ಮೊದಲೇ ಧಾರವಾಡ ಆ ಮಡಿಕೆಯೊಳಗೆ ಹೋಗಿತ್ತು. ಅದರ ಸಾಲಿನಲ್ಲಿದ್ದ ಪಣಜಿಯೂ ಹೋಗಿತ್ತು, ಅದನ್ನು ಕೇಳುವವರೇ ಇರಲಿಲ್ಲ. ಕಣ್ಣಿದ್ದವನಿಗೆ ಗೋಂದಿನ ಗೆರೆ ದೂರದಿಂದಲೇ ಕಾಣುತ್ತಿತ್ತು.

"ಸರ, ಅಲ್ಲಿ ಕಾಗದ ಮಡಚೇದರಿ," ಎಂದಿದ್ದ ಮಲಕಪ್ಪ ಮೊದಲ ಸಲ.

ಮಾಸ್ತರರು ಬೆಳಗಾವಿಯವರು. ಕಲಿಸುವುದು ಮರಾಠಿಯಲ್ಲಿ, ಬೈಯುವುದು ಮಾತ್ರ ಕನ್ನಡದಲ್ಲಿ.

"ನಿನ್ನ ತಲಿ ಮಡಚೇದ. ಜಗತ್ತಿನ್ಯಾಗ ಧಾರವಾಡ ಇಲ್ಲಂತ ನಾ ಎಲ್ಲಿ ಅಂದೆ? ನಕಾಶಾದಾಗ ಇಲ್ಲ. ಪರೀಕ್ಷಾ ಇರೂದು ನಕಾಶಾದ್ದು, ನಿಮ್ಮವ್ವನ ತವರಮನೀದಲ್ಲ."

ವರ್ಗ ನಕ್ಕಿತು. ನಕ್ಕವರಲ್ಲಿ ಅರ್ಧ ಜನಕ್ಕೆ ಮುಠಾ ನದಿ ಯಾವ ದಿಕ್ಕಿಗೆ ಹರಿಯುತ್ತದೆಂದು ಗೊತ್ತಿರಲಿಲ್ಲ. ದಿನಾ ಶಾಲೆಗೆ ಬರುತ್ತಿದ್ದದ್ದು ಅದನ್ನೇ ದಾಟಿ.

ಶಾಲೆಯ ಒಳಪರೀಕ್ಷೆಯಲ್ಲಿ ಭೂಗೋಳ ಪಾಸಾಗದವರನ್ನು ಮ್ಯಾಟ್ರಿಕ್ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ಮಲಕಪ್ಪ ಅಲ್ಲಿಯೂ ಧಾರವಾಡ ಬರೆದ, ನಪಾಸಾದ. ಸುದ್ದಿ ಕೇಳಿ ಅವನ ಕಾಕಾ ಶಿವಪುತ್ರಪ್ಪ ಶಾಲೆಗೆ ಓಡಿ ಬಂದ. ಕ್ಯಾಂಪಿನ ಲಷ್ಕರಿ ಕಚೇರಿಯ ಕಾರಕೂನ, ಸಾಹೇಬನ ಕುದುರೆಗೂ ಮುಜುರೆ ಹೊಡೆಯುವ ಮನುಷ್ಯ. ಮಲಕಪ್ಪನಿಗೆ ಅನ್ನ ಹಾಕಿ ಓದಿಸುತ್ತಿದ್ದವನು ಅವನೇ. ಆ ಮಾತನ್ನು ತುತ್ತಿಗೊಮ್ಮೆ ನೆನಪಿಸುತ್ತಲೂ ಇದ್ದ.

"ಹುಡುಗ ಭಾಳ ಹಟಮಾರಿ ಅದಾನ್ರಿ ಮಾಸ್ತರ. ಹೊಟ್ಯಾಗ ಹಾಕ್ಕೊಳ್ರಿ."

"ನಕಾಶಾದಾಗ ಧಾರವಾಡ ಇಲ್ಲಂತ ಒಂದ ಮಾತು ಅನ್ಲಿ, ಪರೀಕ್ಷಾಕ್ಕ ಕಳಸ್ತೀನಿ. ನೀವೂ ನೋಡ್ರಲಾ. ಅದ ಏನು?"

ಶಿವಪುತ್ರಪ್ಪ ಗೋಡೆಯ ಹತ್ತಿರ ಹೋಗಿ ಕನ್ನಡಕ ಏರಿಸಿದ. ಧಾರವಾಡದ ಕಾಮನಕಟ್ಟಿಯಲ್ಲಿ ಹುಟ್ಟಿ, ಅಲ್ಲಿಯ ಕೆಂಪು ಮಣ್ಣಿನಲ್ಲಿ ಮೊಣಕಾಲು ತರಚಿಕೊಂಡು ಬೆಳೆದವನು. ಬೆರಳಿನಿಂದ ಬೆಳಗಾವಿ ಮುಟ್ಟಿದ. ಬೆರಳು ಕೆಳಗೆ ಸರಿಯುತ್ತ ಮಡಿಕೆಗೆ ಎಡವಿ ನಿಂತಿತು. ನಿಂತದ್ದನ್ನು ಮಲಕಪ್ಪ ನೋಡಿದ. ಆಮೇಲೆ ಅದು ಮಡಿಕೆ ದಾಟಿ ಹುಬ್ಬಳ್ಳಿಗೆ ಹೋಯಿತು.

"ಇಲ್ರಿ," ಎಂದ ಶಿವಪುತ್ರಪ್ಪ. "ಧಾರವಾಡ ಇಲ್ಲೇ ಇಲ್ರಿ."

"ಆತು. ಈಗ ನೀ ಅನ್ನಪಾ."

ಮಲಕಪ್ಪನಿಗೆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ಮ್ಯಾಟ್ರಿಕ್, ಮ್ಯಾಟ್ರಿಕ್ ಆದರೆ ಕಚೇರಿ, ಕಚೇರಿ ಸಿಕ್ಕರೆ ಕಾಕಾನಂಥದೇ ಬೆನ್ನು. ಆ ಬೆನ್ನು ಎದುರಿಗೇ ಇತ್ತು, ಮಾಸ್ತರರ ಕಡೆಗೆ ಇನ್ನೂ ಬಗ್ಗಿಯೇ ಇತ್ತು. ಮಲಕಪ್ಪ ಅದನ್ನು ಸರಿಸಿ ಮುಂದೆ ಹೋಗಿ, ಮಡಿಕೆಯ ಸಂದಿಯಲ್ಲಿ ಉಗುರು ತೂರಿಸಿ ಎಳೆದ. ಒಣಗಿದ ಗೋಂದು ಚರ್ರೆಂದು ಬಿಟ್ಟಿತು. ಇಲಿ ಕಡಿದ ಅಂಚಿನ ಪಕ್ಕದಲ್ಲೇ, ಹಳದಿಗಟ್ಟಿದ ಕಾಗದದ ಮೇಲೆ, ಧಾರವಾಡ ಹೊರಗೆ ಬಂತು.

ಮಾಸ್ತರರ ಕಣ್ಣು ಊರಿನ ಮೇಲೆ ಬಿತ್ತು, ಹರಕಿನ ಮೇಲೆ ನಿಂತಿತು.

"ಸಾಲೀ ನಕಾಶಾ ಹರದಿ. ನಾಳಿಂದ ಬರಬ್ಯಾಡ."

ಸಿಪಾಯಿಗೆ ಕೂಗಿ ಗೋಂದು ತರಿಸಿದರು. ಅವನು ಎಣ್ಣೆಕಾಗದವನ್ನು ಪಕ್ಕದಲ್ಲಿ ಹಿಡಿದು, ಅದಕ್ಕೆ ಸರಿಹೊಂದುವಂತೆ ಧಾರವಾಡವನ್ನು ಮತ್ತೆ ಒಳಗೆ ಮಡಚಿ ಅಂಟಿಸಿದ. ಮಾಸ್ತರರು ಹೆಬ್ಬೆರಳಿನಿಂದ ಒತ್ತಿ ಗಟ್ಟಿಮಾಡಿದರು.

ರಸ್ತೆಗೆ ಬಂದ ಮೇಲೆ ಶಿವಪುತ್ರಪ್ಪನ ಬೆನ್ನು ನೆಟ್ಟಗಾಯಿತು, ದನಿಯೂ ಏರಿತು. "ಸಾಕು ನಿನ್ನ ಓದು. ನಾಳೆ ಮುಂಜಾನಿ ಗಾಡೀಗೆ ಊರಿಗೆ ನಡಿ."

"ಯಾವ ಊರಿಗ್ರೀ ಕಾಕಾ?"

ಶಿವಪುತ್ರಪ್ಪ ಹೆಸರು ಹೇಳಲು ಬಾಯಿ ತೆರೆದ. ಹಾಗೇ ಮುಚ್ಚಿಕೊಂಡು, ಹೋಗುತ್ತಿದ್ದ ಟಾಂಗಾದವನಿಗೆ ಕೈ ಮಾಡಿದ.