ಸಾಕ್ಷಿ ಹೇಳುವ ಭಾನುವಾರ

ಪಾಸ್ಟರ್ ಆಗುವ ಮುಂಚೆ ಅವರು ಲಾರಿಗಳಿಗೆ ಪಂಕ್ಚರ್ ಹಾಕುತ್ತಿದ್ದವರು. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದೋ ಇಲ್ಲವೋ ನೋಡದೆ ಒಂದು ಗಾಡಿಯನ್ನೂ ಬಿಟ್ಟವರಲ್ಲ. ಪ್ರಾರ್ಥನೆಗೆ ಅಂಥ ತೊಟ್ಟಿ ಎಲ್ಲಿಂದ ತರುವುದು ಹೇಳಿ? ಬಾಯಿಗೆ ಬಂದದ್ದು ದೇವರ ಮಾತೋ ತಮ್ಮದೋ ಎಂಬುದು ಹನ್ನೆರಡು ವರ್ಷವಾದರೂ ಅವರಿಗೆ ಬಗೆಹರಿದಿರಲಿಲ್ಲ.

ಮೂರು ವಾರದ ಹಿಂದೆ, ತಗಡಿನ ಮಾಡಿನ ಸಭೆಯಲ್ಲಿ ಹಾಡು ಏರುತ್ತಿದ್ದಾಗ ದರ್ಜಿಯ ಹೆಂಡತಿ ಒಂಬತ್ತು ವರ್ಷದ ಮಗಳನ್ನು ಮುಂದೆ ತಂದು ನಿಲ್ಲಿಸಿದಳು. ಮೂರ್ಛೆ ರೋಗದ ಹುಡುಗಿ. ಪಾಸ್ಟರ್ ತಲೆಯ ಮೇಲೆ ಕೈಯಿಟ್ಟರು, ಅವರ ಮೈ ಬಿಸಿಯಾಯಿತು, ವಾಸಿಯಾಯಿತು ಅಂದುಬಿಟ್ಟರು. ಅದೂ ಮೈಕಿನಲ್ಲಿ! ಆ ತಾಯಿ ಹಿಂದೆಮುಂದೆ ನೋಡದೆ ಮಾತ್ರೆಯ ಪೊಟ್ಟಣ ತಂದು ಅವರ ಮೇಜಿನ ಮೇಲಿಟ್ಟು, ಇನ್ನು ಇದು ಬೇಡ ಎಂದಳು. ಸಭೆಗೆ ಸಭೆಯೇ ಎದ್ದು ಕುಣಿಯಿತು. ಸುದ್ದಿ ಸುತ್ತಲಿನ ಹಳ್ಳಿಗಳಿಗೆ ಹಬ್ಬಿ, ಈಗ ಚಾಪೆ ಹಾಸಲೂ ಜಾಗ ಸಾಲದು.

ಆ ಪೊಟ್ಟಣವನ್ನು ಪಾಸ್ಟರಮ್ಮ ತಮ್ಮ ಚೀಲದಲ್ಲಿ ಎತ್ತಿಟ್ಟುಕೊಂಡಿದ್ದರು. ಮಾತ್ರೆ ಕೊಡಲು ಹೇಳಿ ಎಂದು ದಿನವೂ ಗಂಡನ ಬೆನ್ನು ಹತ್ತಿದರು. ದೇವರು ನುಡಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ತಾನು ಯಾರು ಎಂದು ಪಾಸ್ಟರ್ ರೇಗಿದರು.

"ದೇವರು ನುಡಿಸಿದ್ದಾ, ಜನ ನುಡಿಸಿದ್ದಾ?" ಎಂದು ಆಕೆ ಕೇಳಿದಾಗ ಅರ್ಧ ಊಟಕ್ಕೇ ಎದ್ದುಹೋದರು.

ಇವತ್ತು ಹುಡುಗಿ ತಾನು ವಾಸಿಯಾದೆನೆಂದು ಎಲ್ಲರೆದುರು ಸಾಕ್ಷಿ ಹೇಳುವ ದಿನ. ಸಭೆ ಶುರುವಾಗುವ ಮುಂಚೆ ತಾಯಿ ಪಕ್ಕದ ಕೋಣೆಗೆ ಬಂದು ನಿಂತಳು. ಬೆಳಿಗ್ಗೆ ಮಗಳ ಕೈ ಅದುರಿ ಹಾಲಿನ ಲೋಟ ಬಿತ್ತಂತೆ.

"ಮಾತ್ರೆ ಕೊಡ್ಲಾ ಪಾಸ್ಟರ್? ನೀವು ಹೂಂ ಅಂದ್ರೆ ಕೊಡ್ತೀನಿ."

ಹೂಂ ಅನ್ನಲು ಎಷ್ಟು ಹೊತ್ತು ಬೇಕು? ಆದರೆ ಗೋಡೆಯಾಚೆ ನಾಲ್ಕು ಹಳ್ಳಿಯ ಜನ ಕೆಮ್ಮುತ್ತ, ಸರಿದಾಡುತ್ತ ಕುಳಿತಿದ್ದರು.

"ಸಾಕ್ಷಿ ಒಂದು ಮುಗೀಲಿ. ಆಮೇಲೆ ನೋಡೋಣಮ್ಮ" ಎಂದರು.

ಹುಡುಗಿ ಮೈಕು ಹಿಡಿದು, ಯೇಸಪ್ಪ ನನ್ನನ್ನು ವಾಸಿಮಾಡಿದ ಎಂದಳು. ಮುಂದಿನ ಮಾತು ಬರಲಿಲ್ಲ. ಬಾಯಿ ಒಂದು ಕಡೆಗೆ ಎಳೆಯಿತು, ಮಗು ದೊಪ್ಪನೆ ಬಿತ್ತು. ಹಿಮ್ಮಡಿಗಳು ನೆಲಕ್ಕೆ ಪಟಪಟ ಬಡಿಯತೊಡಗಿದವು.

ಆ ಸಭೆಗೆ ಬೀಳುವುದು, ನಡುಗುವುದು ಹೊಸದಲ್ಲ. ಪವಿತ್ರಾತ್ಮ ಇಳಿದನೆಂದು ವಾರವಾರ ಮೂರು ನಾಲ್ಕು ಜನ ಹಾಗೆ ಬೀಳುತ್ತಾರೆ. ಅಭಿಷೇಕ, ಅಭಿಷೇಕ ಎಂದು ಯಾರೋ ಕೂಗಿದರು. ಸಭೆಯಲ್ಲಿ ಡ್ರಮ್ಮು ಬಾರಿಸುವ ಬಡಗಿ ವೇಗ ಏರಿಸಿದ. ಅಯ್ಯೋ, ಚಪ್ಪಾಳೆಯೋ ಚಪ್ಪಾಳೆ! ಹಿಂದಿನ ಸಾಲಿನಿಂದ ಪಾಸ್ಟರಮ್ಮ ಚೀಲ ಹಿಡಿದು ನುಗ್ಗುತ್ತಿದ್ದರು. ಕೈಯೆತ್ತಿ ನಿಂತ ಜನ ದಾರಿ ಬಿಡಲಿಲ್ಲ.

ಮಗುವಿನ ಬಾಯಲ್ಲಿ ನೊರೆ ಬಂದದ್ದು ಪಾಸ್ಟರಿಗೆ ಸ್ಪಷ್ಟವಾಗಿ ಕಂಡಿತು. ಇದೇನೆಂದು ಅವರಿಗೆ ಗೊತ್ತು, ಚೆನ್ನಾಗಿ ಗೊತ್ತು. ತಾಯಿ ಮಂಡಿಯೂರಿ ಮಗಳ ತಲೆಗೆ ಕೈಕೊಟ್ಟಿದ್ದಳು. ಆದರೆ ಅವಳು ನೋಡಿದ್ದು ಮಗಳ ಮುಖವನ್ನಲ್ಲ, ಇವರ ಮುಖವನ್ನು.

ಪಾಸ್ಟರ್ ಬಗ್ಗಿ ಮೈಕು ಎತ್ತಿಕೊಂಡರು. ಗಾಡಿ ತನ್ನಿ ಎಂಬ ಎರಡು ಮಾತು ಗಂಟಲಿನವರೆಗೆ ಬಂತು. ಎದುರಿಗಿದ್ದ ಅಷ್ಟೂ ಜನ ಬಾಯಿ ತೆರೆದು ಕಾಯುತ್ತಿದ್ದರು.

"ಹಲ್ಲೆಲೂಯ" ಎಂದರು.

ತಾಯಿಯ ಮುಖ ಅರಳಿತು. ಮಗಳ ತಲೆಯ ಕೆಳಗಿದ್ದ ಕೈಯನ್ನು ಎಳೆದುಕೊಂಡು ಅವಳೂ ಚಪ್ಪಾಳೆ ತಟ್ಟತೊಡಗಿದಳು.