ನಿದ್ದೆಗೆಡಿಸಿದ ನರ್ಸಮ್ಮ

ಆಪರೇಷನ್ ಥಿಯೇಟರಿನ ನರ್ಸಮ್ಮನಿಗೆ ಎಚ್ಚರವಿರುವ ರೋಗಿಗಳ ಸಹವಾಸವೇ ಇರಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಅರಿವಳಿಕೆ ಕೊಟ್ಟು ಮಲಗಿಸಿದವರ ಪಕ್ಕ ನಿಂತು ಕತ್ತರಿ, ಚಿಮುಟ ಎತ್ತಿಕೊಟ್ಟವಳು. ಬಾಯಿಗೆ ಕೆಲಸವೇ ಇಲ್ಲ. ಇಂಥವಳು, ಪ್ರವಾಹ ಇಳಿದ ಊರಲ್ಲಿ ಕಾಲರಾ ಹಬ್ಬಿದೆ, ಜನ ಸಾಲುತ್ತಿಲ್ಲ ಅಂತ ಕೇಳಿದ್ದೇ ತಡ, ರಜೆ ಹಾಕಿ ಹೊರಟುಬಿಟ್ಟಳು. ಇಲ್ಲದ ಉಸಾಬರಿ ಯಾಕೆ ಎಂದು ಅತ್ತೆ ಮೂತಿ ತಿರುಗಿಸಿದರು. ಗಂಡ ಮಾತ್ರ ತುಟಿ ಪಿಟಕ್ಕೆನ್ನದೆ ಚೀಲ ಹೊತ್ತು ಬಸ್ಸು ಹತ್ತಿಸಿದ. ಜಾಣ.

ಶಿಬಿರ ಇದ್ದದ್ದು ಬಸ್ ಡಿಪೋದೊಳಗೆ. ಎಣ್ಣೆ ಕಲೆಯ ನೆಲವನ್ನು ಬ್ಲೀಚಿಂಗ್ ನೀರಲ್ಲಿ ತೊಳೆದು ಮಂಚ ಹಾಕಿದ್ದರು. ಭೇದಿಗೆಂದು ಮಂಚದ ನಡುವೆ ತೂತು, ಕೆಳಗೆ ಬಕೆಟ್. ನಾಚಿಕೆ ಗೀಚಿಕೆಗೆಲ್ಲ ಅಲ್ಲಿ ಜಾಗವಿಲ್ಲ. ಮೊದಲ ದಿನ ನರ್ಸಮ್ಮ, ಥಿಯೇಟರಿನಲ್ಲಿ ಬಳಸಿದ ಕತ್ತರಿ ವಾಪಸು ಪಡೆಯುವ ಅಭ್ಯಾಸಬಲದಿಂದ ಮಾತಿಲ್ಲದೆ ಅಂಗೈ ಚಾಚಿದರೆ ಯಾರೋ ಪುಣ್ಯಾತ್ಮರು ಚಹಾದ ಲೋಟ ಇಟ್ಟು ಹೋದರು.

ಮರುದಿನ ಒಬ್ಬ ಅಜ್ಜ ವಾಂತಿಭೇದಿ ಹತ್ತಿದ ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ತಂದರು. ಮಗುವಿನ ಅಪ್ಪ ಅಮ್ಮ ನೆರೆಯಲ್ಲಿ ಕೊಚ್ಚಿಹೋಗಿದ್ದರು. ತನಗೆ ಅಂತ ಉಳಿದಿರುವುದು ಇದೊಂದೇ ಎಂದು ಅಜ್ಜ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಶಿಬಿರದ ಡಾಕ್ಟರಮ್ಮ ಪರೀಕ್ಷೆ ಮಾಡಿ, ಸದ್ಯ ತಾನಾಗಿಯೇ ಕುಡಿಯುತ್ತಿದ್ದಾಳೆ, ಚಮಚದಲ್ಲಿ ಉಪ್ಪು-ಸಕ್ಕರೆ ನೀರು ಕುಡಿಸುತ್ತಾ ಇರಿ ಎಂದು ನರ್ಸಮ್ಮನಿಗೆ ಒಪ್ಪಿಸಿದರು.

ಹುಡುಗಿ ಒಂದಿಷ್ಟು ಕುಡಿದಳು, ಒಂದಿಷ್ಟು ಕಕ್ಕಿದಳು, ಕೈಕಾಲು ಬಡಿದು ರಂಪ ಮಾಡಿದಳು. ಆಮೇಲೆ ತಣ್ಣಗಾಗಿ ಕಣ್ಣು ಮುಚ್ಚಿದಳು. ಸದ್ಯ, ನಿದ್ದೆ ಬಂತು ಎಂದು ನರ್ಸಮ್ಮನಿಗೆ ಹಾಲು ಕುಡಿದಷ್ಟು ಸಮಾಧಾನವಾಯಿತು. ಅವಳ ಲೋಕದಲ್ಲಿ ರೋಗಿ ಮಲಗಿದರೆ ಅರ್ಧ ಕೆಲಸ ಮುಗಿದಂತೆ. ಚಮಚ ಕೆಳಗಿಟ್ಟು, ಮಗುವಿಗೆ ಹೊದಿಸಿ, ಸದ್ದು ಮಾಡಬೇಡಿ ಎಂದು ಅಜ್ಜನಿಗೆ ಬೆರಳು ತೋರಿಸಿ ಪಕ್ಕದ ಮಂಚಕ್ಕೆ ಹೋದಳು.

ಅತ್ತ ಹಾಯ್ದ ಡಾಕ್ಟರಮ್ಮ ಹೊದಿಕೆ ಕಿತ್ತೆಸೆದರು.

"ಇದು ನಿದ್ದೆ ಅಲ್ಲ ಸಿಸ್ಟರ್. ಮೈನೀರೆಲ್ಲ ಬತ್ತಿ ಮಗು ಕೈಜಾರ್ತಾ ಇದೆ."

ನರ್ಸಮ್ಮ ಓಡಿಬಂದಳು. ಡ್ರಿಪ್ಪಿಗೆ ಅಂತ ಎರಡೂ ಕೈ, ಎರಡೂ ಕಾಲು ತಡಕಿದರೂ ನರ ಸಿಗಲಿಲ್ಲ. ಡಾಕ್ಟರಮ್ಮ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ದೊಡ್ಡ ಸಿರಿಂಜು ಅವಳ ಕೈಗಿತ್ತರು. ನಿಧಾನವಾಗಿ ನೀರು ತಳ್ಳಬೇಕು, ಮಗುವನ್ನು ಬಿಡದೆ ಮಾತಾಡಿಸಬೇಕು, ಉಸಿರು ಏರುಪೇರಾದರೆ ತನ್ನನ್ನು ಕೂಗಬೇಕು ಎಂದು ಹೇಳಿ ಮುಂದಿನ ಮಂಚಕ್ಕೆ ಓಡಿದರು.

ಏನಂತ ಮಾತಾಡುವುದು? ಮಗುವನ್ನು ತೊಡೆಯ ಮೇಲೆ ಒರಗಿಸಿಕೊಂಡು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಈ ಕೂಸು ಹೋದರೆ ನಾನೇ ಹೊದಿಸಿ ಕಳಿಸಿದಂತೆ ಎಂಬ ಭಯಕ್ಕೆ ಅವಳು ಮಾತಿಗಾಗಿ ತಡಕಾಡಿದಳು. ಕೊನೆಗೆ ನಾಲಿಗೆಗೆ ಸಿಕ್ಕವರು ಅತ್ತೆ.

"ಏಳೇ ಪುಟ್ಟಿ, ನಮ್ಮತ್ತೆ ಕಥೆ ಕೇಳು."

ಶುರುವಾಯಿತು ನೋಡಿ! ಅತ್ತೆ ಸಕ್ಕರೆ ಡಬ್ಬಿ ಬಚ್ಚಿಟ್ಟು ತಾವೇ ಜಾಗ ಮರೆತದ್ದು, ತಾವೇ ಗೊರಕೆ ಹೊಡೆದು ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೋದದ್ದು, ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕಿ ಮನೆಯವರಿಗೆಲ್ಲ ಮಂಗಳಾರತಿ ಮಾಡಿದ್ದು. ಸಂಸಾರವಿಡೀ ನುಂಗಿಕೊಂಡ ಮಾತೆಲ್ಲ ಕಟ್ಟೆ ಒಡೆದು ಬಂತು. ಪಕ್ಕದ ಮಂಚದವರೂ ಕಿವಿ ನಿಮಿರಿಸಿದರು. ಅಳುತ್ತಿದ್ದ ಅಜ್ಜನೂ ನಕ್ಕುಬಿಟ್ಟರು. ಗಂಟಲು ಒಣಗಿತು, ಮಗು ಮಿಸುಕಲಿಲ್ಲ. ಅವಳು ಸಿರಿಂಜು ತುಂಬಿ, ತಳ್ಳಿ, ಮತ್ತೆ ತುಂಬುತ್ತಲೇ ಇದ್ದಳು. ಇನ್ನು ಹೇಳಲು ಏನೂ ಉಳಿಯದೆ ಸುಮ್ಮನಾದಾಗ ಮಗುವಿನ ತುಟಿ ಅಲುಗಿತು.

"ಆಮೇಲೆ?"

ಅಯ್ಯೋ, ಆ ಒಂದು ಮಾತಿಗೆ ನರ್ಸಮ್ಮ ಗಳಗಳನೆ ಅತ್ತಳು. ಅಳುತ್ತಲೇ ಅತ್ತೆಗೆ ಇಲ್ಲದ ಗುಣವನ್ನೆಲ್ಲ ಹುಟ್ಟಿಸಿ ಹೇಳಿದಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಹುಡುಗಿ ಕಣ್ಣು ಬಿಟ್ಟು, ಚಮಚವನ್ನು ತಾನೇ ಬಾಯಿಗೆ ಎಳೆದುಕೊಳ್ಳತೊಡಗಿದಳು. ಆಗ ನರ್ಸಮ್ಮನ ತೊಡೆ ಬೆಚ್ಚಗಾಯಿತು. ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಬಂದು ನೋಡಿದ ಡಾಕ್ಟರಮ್ಮ ಮುಖ ತುಂಬ ನಕ್ಕರು. ಉಚ್ಚೆ ಬಂತೆಂದರೆ ನೀರು ಮೈಗೆ ಹತ್ತಿತು, ಮಗು ಗೆದ್ದಿತು ಎಂದರು. ಮಂಚದಿಂದ ಮಂಚಕ್ಕೆ ಸುದ್ದಿ ಹಬ್ಬಿ, ಎದ್ದು ಕೂರಲಾಗದವರೂ ಚಪ್ಪಾಳೆ ತಟ್ಟಿದರು.

ಅಜ್ಜ ಮಾತ್ರ ಸಂಕೋಚದಿಂದ ಕುಗ್ಗಿ, ಹೆಗಲ ಮೇಲಿನ ಬಟ್ಟೆ ತೆಗೆದು ಅವಳ ಗೌನು ಒರೆಸಲು ಬಗ್ಗಿದರು. ನರ್ಸಮ್ಮ ಅವರ ಕೈ ಹಿಡಿದಳು.

"ಬಿಡಿ ಅಜ್ಜ," ಎಂದಳು. "ಇನ್ನೊಂದ್ಸಲ ಹೊಯ್ಲಿ."